ಲಯ ತಪ್ಪಿದ ಹೃದಯ ಮತ್ತು ರಕ್ತದೊಳಗಿನ ಸೂಚಕಗಳು

ಅರವತ್ತು ದಾಟಿದ ಹಿರಿಯರೊಬ್ಬರು ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆಂದು ಆಸ್ಪತ್ರೆಗೆ ಹೋದರೆ, ಇಂದಿನ ದಿನಗಳಲ್ಲಿ ವೈದ್ಯರು ಎದೆಗೆ ಸ್ಟೆತಾಸ್ಕೋಪನ್ನಿಟ್ಟು ಆಲಿಸುವುದರ ಜೊತೆಗೆ ಒಂದಿಷ್ಟು ರಕ್ತವನ್ನೂ ತೆಗೆದು ಪ್ರಯೋಗಶಾಲೆಗೆ ಕಳುಹಿಸುವುದುಂಟು. ಸಂಜೆಯ ವೇಳೆಗೆ ಕೈಸೇರುವ ವರದಿಯಲ್ಲಿ ‘ಎನ್.ಟಿ. ಪ್ರೋ ಬಿ.ಎನ್.ಪಿ.’ ಎಂಬ ಅಕ್ಷರಗಳ ಮುಂದೆ ಒಂದು ಅಂಕಿಯೂ, ಅದರ ಪಕ್ಕದಲ್ಲಿ ಬಹುಮಟ್ಟಿಗೆ 125ರ ಒಳಗಿರಬೇಕೆಂಬ ಸೂಚನೆಯೂ ಅಚ್ಚಾಗಿರುತ್ತವೆ. ಅಂಕಿ 600 ಎಂದಿದ್ದರೆ ಮನೆಮಂದಿಗೆ ಆ ರಾತ್ರಿ ನಿದ್ದೆಯಿಲ್ಲ. ಸಹಜ ಮಿತಿಯ ಐದು ಪಟ್ಟು ಎಂದು ಲೆಕ್ಕ ಹಾಕಿ, ಹೃದಯ ಕೈಬಿಟ್ಟಿತೆಂದೇ ಭಾವಿಸುವವರುಂಟು. ಆದರೆ ಆ ಹಿರಿಯರ ನಾಡಿ ಕ್ರಮಬದ್ಧವಾಗಿ ಬಡಿಯುತ್ತಿದೆಯೋ ಇಲ್ಲವೋ ಎಂಬುದನ್ನು ತಿಳಿಯದೆ ಆ ಅಂಕಿಗೆ ಅರ್ಥ ಹೇಳಲು ಬಾರದು. ಈ ಸಂಗತಿಯನ್ನು ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ‘ಹೃದಯ ವೈಫಲ್ಯ’ವೆಂಬ ಮಾತನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ನಮ್ಮ ಆಡುಮಾತಿನಲ್ಲಿ ‘ಹಾರ್ಟ್ ಫೇಲ್ ಆಯಿತು’ ಎಂದರೆ ಮನುಷ್ಯ ತೀರಿಕೊಂಡನೆಂದೇ ಅರ್ಥ. ವೈದ್ಯರ ಪರಿಭಾಷೆಯಲ್ಲಿ ಹಾಗಲ್ಲ. ಹೃದಯ ಬಡಿಯುತ್ತಲೇ ಇರುತ್ತದೆ. ಆದರೆ ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳಲು ಅದಕ್ಕೆ ಶಕ್ತಿ ಸಾಲದು, ಅಥವಾ ತನ್ನೊಳಗಿನ ಒತ್ತಡವನ್ನು ಮಿತಿಮೀರಿ ಏರಿಸಿಕೊಂಡು ಮಾತ್ರ ಅಷ್ಟನ್ನು ತಳ್ಳಬಲ್ಲದು. ಪರಿಣಾಮವಾಗಿ ಶ್ವಾಸಕೋಶಗಳಲ್ಲಿ ನೀರು ನಿಲ್ಲುತ್ತದೆ, ಕಾಲು ಬಾತುಕೊಳ್ಳುತ್ತದೆ, ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ಸ್ನಾಯು ದುರ್ಬಲವಾಗಿ ಹಿಂಡುವ ಶಕ್ತಿ ಕುಂದುವುದು ಇದರ ಒಂದು ಬಗೆ. ಹಿಂಡುವ ಶಕ್ತಿ ಚೆನ್ನಾಗಿಯೇ ಇದ್ದು, ಗೋಡೆ ಪೆಡಸಾಗಿ ರಕ್ತ ತುಂಬಿಕೊಳ್ಳಲು ಸಡಿಲಗೊಳ್ಳದಿರುವುದು ಇನ್ನೊಂದು ಬಗೆ. ವೃದ್ಧಾಪ್ಯದಲ್ಲಿ ಈ ಎರಡನೆಯದೇ ಹೆಚ್ಚು ಗೋಜಲಿನದು. ಏಕೆಂದರೆ ಹೃದಯದ ಸ್ಕ್ಯಾನ್ ಪರೀಕ್ಷೆಯಲ್ಲಿ ಮೇಲ್ನೋಟಕ್ಕೆ ಎಲ್ಲವೂ ಸರಿಯಾಗಿರುವಂತೆಯೇ ಕಾಣುತ್ತದೆ.

ಇನ್ನು ಲಯದ ವಿಚಾರ. ಹೃದಯದ ಮೇಲಿನ ಎರಡು ಕೋಣೆಗಳಾದ ಹೃತ್ಕರ್ಣಗಳು ಮೊದಲು ಸಂಕುಚಿಸಿ, ಕೆಳಗಿನ ಹೃತ್ಕುಕ್ಷಿಗಳನ್ನು ತುಂಬಿಸುತ್ತವೆ. ಅನಂತರ ಹೃತ್ಕುಕ್ಷಿಗಳು ಸಂಕುಚಿಸಿ ರಕ್ತವನ್ನು ಹೊರಗೆ ತಳ್ಳುತ್ತವೆ. ಈ ಕ್ರಮ ತಪ್ಪಿ, ಹೃತ್ಕರ್ಣಗಳು ನಿಮಿಷಕ್ಕೆ 350ರಿಂದ 600 ಬಾರಿ ಅಡ್ಡಾದಿಡ್ಡಿಯಾಗಿ ಅದುರತೊಡಗುವುದೇ ‘ಏಟ್ರಿಯಲ್ ಫಿಬ್ರಿಲೇಷನ್’. ಇದನ್ನು ಹೃತ್ಕರ್ಣ ಕಂಪನವೆಂದು ಕರೆಯಬಹುದು. ಅದುರುವ ಕೋಣೆ ಹಿಂಡಲಾರದು. ಕೆಳಗಿನ ಕೋಣೆಗಳಿಗೆ ಮೇಲಿನಿಂದ ಬರುವ ಕೆಲವೇ ಸಂಜ್ಞೆಗಳು, ಅದೂ ಗೊತ್ತುಗುರಿಯಿಲ್ಲದೆ, ತಲುಪುವುದರಿಂದ ನಾಡಿಯು ತಾಳ ತಪ್ಪಿದ ಮದ್ದಳೆಯಂತೆ ಒಮ್ಮೆ ಬೇಗ, ಒಮ್ಮೆ ನಿಧಾನ, ಒಮ್ಮೆ ಬಲವಾಗಿ, ಒಮ್ಮೆ ಕ್ಷೀಣವಾಗಿ ಬೆರಳಿಗೆ ತಾಗುತ್ತದೆ. ನೆದರ್ಲೆಂಡಿನ ಐಂಥೋವನ್ನರು 1906ರಲ್ಲಿ ಪ್ರಕಟಿಸಿದ ಹೃದಯ ವಿದ್ಯುಲ್ಲೇಖಗಳಲ್ಲಿ ಈ ಲಯಭಂಗದ ಚಿತ್ರವಿದೆ; ಇದು ಜನಸಾಮಾನ್ಯರಲ್ಲಿ ಹೇರಳವಾಗಿರುವ ಕಾಯಿಲೆಯೆಂಬುದನ್ನು ಲಂಡನ್ನಿನ ಥಾಮಸ್ ಲೂಯಿಸರು 1909ರಲ್ಲಿ ತೋರಿಸಿಕೊಟ್ಟರು.

ವೈಫಲ್ಯವೂ ಲಯಭಂಗವೂ ಒಂದನ್ನೊಂದು ಹುಟ್ಟುಹಾಕುತ್ತವೆ. ವೈಫಲ್ಯದಿಂದ ಹೃತ್ಕರ್ಣದಲ್ಲಿ ಒತ್ತಡ ಏರಿ, ಗೋಡೆ ಹಿಗ್ಗಿ ಕಂಪನ ಶುರುವಾಗುತ್ತದೆ. ಕಂಪನದಿಂದ ಹೃತ್ಕುಕ್ಷಿ ತುಂಬುವುದು ಕುಂದಿ, ವೈಫಲ್ಯ ಉಲ್ಬಣಿಸುತ್ತದೆ. ಎರಡರ ಲಕ್ಷಣವೂ ಏದುಸಿರು ಮತ್ತು ಆಯಾಸವೇ. ಹೀಗಿರಲಾಗಿ, ಎದುರಿಗೆ ಕುಳಿತ ರೋಗಿಯ ಏದುಸಿರು ಬರಿಯ ಲಯಭಂಗದ್ದೋ, ಅದರ ಹಿಂದೆ ವೈಫಲ್ಯವೂ ಅಡಗಿದೆಯೋ ಎಂದು ನಿರ್ಣಯಿಸುವುದು ನುರಿತ ವೈದ್ಯರಿಗೂ ಸುಲಭವಲ್ಲ. ರಕ್ತದೊಳಗಿನ ಸೂಚಕಗಳಿಂದ ನೆರವನ್ನು ಅಪೇಕ್ಷಿಸುವುದು ಇಲ್ಲಿಯೇ. ಅವು ದಾರಿ ತಪ್ಪಿಸುವುದೂ ಇಲ್ಲಿಯೇ.

ಈ ಸೂಚಕಗಳ ಶೋಧದ ಕಥೆ ಸ್ವಾರಸ್ಯವಾದುದು. 1628ರಲ್ಲಿ ವಿಲಿಯಂ ಹಾರ್ವೆಯವರ ಗ್ರಂಥ ಪ್ರಕಟವಾದಂದಿನಿಂದ ಹೃದಯವನ್ನು ಜಗತ್ತು ಒಂದು ಪಂಪನ್ನಾಗಿಯೇ ಕಂಡಿತು. 1956ರಲ್ಲಿ ಹೆನ್ರಿ ಮತ್ತು ಅವರ ಸಂಗಡಿಗರು ನಾಯಿಗಳ ಎಡ ಹೃತ್ಕರ್ಣದಲ್ಲಿ ಪುಟ್ಟ ಬಲೂನನ್ನು ಉಬ್ಬಿಸಿದಾಗ ಮೂತ್ರದ ಹರಿವು ಹೆಚ್ಚಿತು. ಇದು ನರಗಳ ಮೂಲಕ ನಡೆಯುವ ವ್ಯಾಪಾರವೆಂದು ಅವರು ಊಹಿಸಿದರು. 1964ರಲ್ಲಿ ಜೇಮೀಸನ್ ಮತ್ತು ಪಲಾಡೆ ಎಂಬ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಹೃತ್ಕರ್ಣದ ಜೀವಕೋಶಗಳನ್ನು ಪರಿಶೀಲಿಸಿ, ಅವುಗಳೊಳಗಿನ ಕಿರುಕಣಗಳನ್ನು ವಿವರವಾಗಿ ವರ್ಣಿಸಿದರು. ಹಾರ್ಮೋನುಗಳನ್ನು ಸ್ರವಿಸುವ ಗ್ರಂಥಿಗಳಲ್ಲಿ ಇರುವಂಥವೇ ಕಣಗಳು ಅವು. ಪಂಪಿಗೆ ಅವುಗಳಿಂದ ಏನು ಪ್ರಯೋಜನ?

ಉತ್ತರ ದೊರೆತುದು 1981ರಲ್ಲಿ. ಅರ್ಜೆಂಟೀನಾದಲ್ಲಿ ಜನಿಸಿ ಕೆನಡಾದ ಕಿಂಗ್‌ಸ್ಟನ್ ನಗರದ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಅಡಾಲ್ಫೊ ಡಿ ಬೋಲ್ಡ್ ಎಂಬುವರು ಇಲಿಗಳ ಹೃತ್ಕರ್ಣವನ್ನು ಅರೆದು, ಅದರ ಸಾರವನ್ನು ಬೇರೆ ಇಲಿಗಳ ರಕ್ತನಾಳಕ್ಕೆ ಚುಚ್ಚಿದರು. ನಿಮಿಷಗಳಲ್ಲಿ ಆ ಇಲಿಗಳ ಮೂತ್ರ ಹತ್ತು ಪಟ್ಟು ಹೆಚ್ಚಿತು. ಮೂತ್ರದಲ್ಲಿ ಹೊರಬೀಳುವ ಉಪ್ಪಿನ ಅಂಶ ಮೂವತ್ತು ಪಟ್ಟು ಮೀರಿತು. ಹೃತ್ಕುಕ್ಷಿಯನ್ನು ಅರೆದು ತೆಗೆದ ಸಾರದಿಂದ ಅಂಥ ಪರಿಣಾಮವೇನೂ ಆಗಲಿಲ್ಲ. ಹೃದಯವು ಪಂಪು ಮಾತ್ರವಲ್ಲ, ಅದೊಂದು ನಿರ್ನಾಳ ಗ್ರಂಥಿಯೂ ಹೌದು ಎಂಬುದು ಇದರಿಂದ ಸಿದ್ಧವಾಯಿತು. ತನ್ನ ಗೋಡೆ ಅತಿಯಾಗಿ ಹಿಗ್ಗಿದಾಗ ಅದು ತನ್ನದೇ ಹಾರ್ಮೋನನ್ನು ರಕ್ತಕ್ಕೆ ಸುರಿಸಿ, ‘ಉಪ್ಪನ್ನೂ ನೀರನ್ನೂ ಹೊರಗೆ ಹಾಕು, ನನ್ನ ಹೊರೆ ಇಳಿಸು’ ಎಂದು ಮೂತ್ರಪಿಂಡಗಳಿಗೆ ಹೇಳಿಕಳುಹಿಸುತ್ತದೆ. ಡಿ ಬೋಲ್ಡ್ 2021ರಲ್ಲಿ ನಿಧನರಾದರು.

1988ರಲ್ಲಿ ಜಪಾನಿನ ಮಾತ್ಸುವೊ ಅವರ ತಂಡ ಹಂದಿಯ ಮೆದುಳಿನಿಂದ ಇದೇ ಕುಲದ ಇನ್ನೊಂದು ವಸ್ತುವನ್ನು ಬೇರ್ಪಡಿಸಿತು. ಮೆದುಳಿನಲ್ಲಿ ಸಿಕ್ಕಿದ್ದರಿಂದ ‘ಬ್ರೈನ್ ನೇಟ್ರಿಯುರೆಟಿಕ್ ಪೆಪ್ಟೈಡ್’ ಎಂದು ಹೆಸರಾಯಿತು, ಅದೇ ಬಿ.ಎನ್.ಪಿ. ಮನುಷ್ಯರ ರಕ್ತದಲ್ಲಿರುವ ಬಿ.ಎನ್.ಪಿ. ಮುಖ್ಯವಾಗಿ ಹೃದಯದಿಂದ, ಅದರಲ್ಲೂ ಹೃತ್ಕುಕ್ಷಿಗಳಿಂದ ಬರುತ್ತದೆಯೆಂದು ಆಮೇಲೆ ತಿಳಿದುಬಂತು. ಆದರೆ ಇಟ್ಟ ಹೆಸರು ಹಾಗೆಯೇ ಉಳಿಯಿತು. ವರದಿಯನ್ನು ನೋಡಿ ‘ಮೆದುಳಿಗೇನಾದರೂ ಆಗಿದೆಯೇ’ ಎಂದು ಗಾಬರಿಪಡುವವರು ಈ ಚರಿತ್ರೆಯನ್ನು ನೆನಪಿಟ್ಟುಕೊಂಡರೆ ಸಾಕು.

ಜೀವಕೋಶದಲ್ಲಿ ಇದು ತಯಾರಾಗುವ ಬಗೆ ಹೀಗಿದೆ. 108 ಅಮೈನೋ ಆಮ್ಲಗಳ ಒಂದು ಸರಪಳಿ ಎರಡು ತುಂಡಾಗುತ್ತದೆ. 32 ಕೊಂಡಿಗಳ ತುಂಡು ಕೆಲಸ ಮಾಡುವ ಬಿ.ಎನ್.ಪಿ.; 76 ಕೊಂಡಿಗಳ ಉಳಿಕೆಯೇ ಎನ್.ಟಿ. ಪ್ರೋ ಬಿ.ಎನ್.ಪಿ. ಈ ಉಳಿಕೆಯ ತುಂಡಿಗೆ ದೇಹದಲ್ಲಿ ಹಾರ್ಮೋನಿನ ಕೆಲಸವಿಲ್ಲ. ಆದರೆ ಅದು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಬಿ.ಎನ್.ಪಿ. ಸುಮಾರು 20 ನಿಮಿಷಗಳಲ್ಲಿ ಅರ್ಧಕ್ಕಿಳಿದರೆ, ಇದಕ್ಕೆ ಒಂದೆರಡು ಗಂಟೆ ಬೇಕು. ಆದುದರಿಂದ ಅಳೆಯುವವರಿಗೆ ಇದು ಅನುಕೂಲ. ಅಳತೆಯ ಮಾನ ಮಿಲಿಲೀಟರಿಗೆ ಇಷ್ಟು ಪಿಕೋಗ್ರಾಂ ಎಂದು. ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಭಾಗವೇ ಪಿಕೋಗ್ರಾಂ. ಇಷ್ಟು ಅತ್ಯಲ್ಪವನ್ನು ಹಿಡಿದು ತೂಗುವ ವಿದ್ಯೆ ಅಚ್ಚರಿಯದೇ ಸರಿ.

2002ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನದಲ್ಲಿ, ಏದುಸಿರಿನಿಂದ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ 1,586 ಮಂದಿಯ ಬಿ.ಎನ್.ಪಿ.ಯನ್ನು ಅಳೆಯಲಾಯಿತು. 100 ಎಂಬ ಗಡಿಯನ್ನಿಟ್ಟುಕೊಂಡರೆ ಶೇಕಡಾ 83.4ರಷ್ಟು ಸಂದರ್ಭಗಳಲ್ಲಿ ನಿರ್ಣಯ ಸರಿಯಾಗುತ್ತದೆಂದು ಕಂಡುಬಂದಿತು. ಅಂದಿನಿಂದ ಈ ಪರೀಕ್ಷೆ ಜಗತ್ತಿನಾದ್ಯಂತ ಬಳಕೆಗೆ ಬಂತು. ಇದರ ದೊಡ್ಡ ಗುಣವಿರುವುದು ‘ಇಲ್ಲ’ವೆನ್ನುವುದರಲ್ಲಿ. ತಟಕ್ಕನೆ ಏದುಸಿರು ಬಂದವರಲ್ಲಿ ಬಿ.ಎನ್.ಪಿ. 100ಕ್ಕಿಂತ, ಅಥವಾ ಎನ್.ಟಿ. ಪ್ರೋ ಬಿ.ಎನ್.ಪಿ. 300ಕ್ಕಿಂತ ಕೆಳಗಿದ್ದರೆ ಹೃದಯ ವೈಫಲ್ಯವಿರುವ ಸಂಭವ ಬಹಳ ಕಡಮೆ. ‘ಹೌದು’ ಎನ್ನುವಾಗ ಮಾತ್ರ ಇದರ ಮಾತಿಗೆ ಅಷ್ಟು ತೂಕವಿಲ್ಲ. ನಾಡಿಯ ಲಯ ತಪ್ಪಿದವರಲ್ಲಿ ಆ ತೂಕ ಇನ್ನೂ ಕುಗ್ಗುತ್ತದೆ.

ಕಾರಣ ಸುಲಭವಾಗಿ ಊಹಿಸಬಹುದಾದುದೇ. ಹಾರ್ಮೋನು ಬಿಡುಗಡೆಯಾಗುವುದು ಗೋಡೆ ಹಿಗ್ಗಿದಾಗ. ಕಂಪಿಸುವ ಹೃತ್ಕರ್ಣದಲ್ಲಿ ಒತ್ತಡ ಏರಿ ಗೋಡೆ ಹಿಗ್ಗಿಯೇ ಇರುತ್ತದೆ. ಹೃತ್ಕರ್ಣದ ಕೋಶಗಳೂ ಬಿ.ಎನ್.ಪಿ.ಯನ್ನು ತಯಾರಿಸಬಲ್ಲವು. ಹೀಗಾಗಿ ವೈಫಲ್ಯವಿಲ್ಲದಿದ್ದರೂ ಅಂಕಿ ಏರುತ್ತದೆ. ಇದಕ್ಕೆ ಒಳ್ಳೆಯ ಸಾಕ್ಷಿಯೂ ಇದೆ: ವಿದ್ಯುದಾಘಾತದಿಂದ ಲಯವನ್ನು ಸರಿಪಡಿಸಿದಾಗ, ಅದೇ ವ್ಯಕ್ತಿಯ ಅದೇ ಹೃದಯದಲ್ಲಿ, ಕೆಲವೇ ದಿನಗಳೊಳಗೆ ಅಂಕಿ ಇಳಿಯುತ್ತದೆ.

ಈ ಗೊಂದಲ ಎಷ್ಟು ದೊಡ್ಡದೆಂಬುದು 2002ರ ಅಧ್ಯಯನದ ರೋಗಿಗಳನ್ನೇ ಮತ್ತೆ ವಿಂಗಡಿಸಿ 2005ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಿಂದ ತಿಳಿಯುತ್ತದೆ. ಹೃತ್ಕರ್ಣ ಕಂಪನವಿದ್ದ ರೋಗಿಗಳಲ್ಲಿ 100ರ ಗಡಿಯನ್ನೇ ಬಳಸಿದರೆ, ವೈಫಲ್ಯವಿಲ್ಲದ ನೂರು ಮಂದಿಯ ಪೈಕಿ ನಲವತ್ತು ಮಂದಿಯನ್ನು ಮಾತ್ರ ಸರಿಯಾಗಿ ‘ಇಲ್ಲ’ವೆಂದು ಗುರುತಿಸಲಾಯಿತು, ಉಳಿದ ಅರವತ್ತು ಮಂದಿಗೆ ಇಲ್ಲದ ರೋಗದ ಪಟ್ಟ. ಗಡಿಯನ್ನು 200ಕ್ಕೆ ಏರಿಸಿದಾಗ ಆ ನಲವತ್ತು 73ಕ್ಕೆ ಏರಿತು. ಆದರೆ ಅದಕ್ಕೂ ಬೆಲೆ ತೆರಬೇಕಾಯಿತು. ನಿಜವಾಗಿಯೂ ವೈಫಲ್ಯವಿದ್ದ ನೂರರಲ್ಲಿ ಮೊದಲು 95 ಮಂದಿ ಸಿಕ್ಕುತ್ತಿದ್ದರು, ಈಗ 85 ಮಂದಿ ಮಾತ್ರ. ಜರಡಿಯ ಕಣ್ಣನ್ನು ಕಿರಿದು ಮಾಡಿದರೆ ಕಾಳಿನೊಡನೆ ಕಲ್ಲೂ ಉಳಿಯುತ್ತದೆ. ಹಿರಿದು ಮಾಡಿದರೆ ಕಲ್ಲಿನೊಡನೆ ಕಾಳೂ ಜಾರುತ್ತದೆ. ಯಾವ ತಪ್ಪನ್ನು ಸಹಿಸಬಹುದು, ಯಾವುದನ್ನು ಸಹಿಸಲಾಗದು ಎಂಬುದನ್ನು ಯಂತ್ರ ಹೇಳುವುದಿಲ್ಲ. ರೋಗಿಯನ್ನು ಕಣ್ಣಾರೆ ಕಂಡ ವೈದ್ಯನೇ ಹೇಳಬೇಕು.

ಯೂರೋಪಿನ ಹೃದ್ರೋಗ ತಜ್ಞರ ಸಂಘವು 2021ರ ತನ್ನ ಮಾರ್ಗದರ್ಶಿಯಲ್ಲಿ, ಹಿಂಡುವ ಶಕ್ತಿ ಕುಂದದ ಬಗೆಯ ವೈಫಲ್ಯದ ನಿರ್ಣಯಕ್ಕೆ ಎರಡು ಬೇರೆ ಬೇರೆ ಗಡಿಗಳನ್ನು ಸೂಚಿಸಿದೆ: ಎನ್.ಟಿ. ಪ್ರೋ ಬಿ.ಎನ್.ಪಿ. ಲಯ ಸರಿಯಿದ್ದವರಲ್ಲಿ 125, ಕಂಪನವಿದ್ದವರಲ್ಲಿ 365. ಹೊಸ ಔಷಧಿಗಳ ಪರೀಕ್ಷೆಗಳಿಗೆ ರೋಗಿಗಳನ್ನು ಆಯ್ದುಕೊಳ್ಳುವಾಗಲೂ ಇದೇ ವಿವೇಕ. ಎಂಪಾಗ್ಲಿಫ್ಲೋಜಿನ್ ಔಷಧಿಯನ್ನು ಈ ಬಗೆಯ ವೈಫಲ್ಯದಲ್ಲಿ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸರಿಯಾದ ಲಯದವರಿಗೆ 300ಕ್ಕಿಂತ ಹೆಚ್ಚಿದ್ದರೆ ಸಾಕಿತ್ತು. ಕಂಪನವಿದ್ದವರಿಗೆ 900 ದಾಟಿರಬೇಕಿತ್ತು.

ಎಪ್ಪತ್ತರ ವಯಸ್ಸಿನ ಇಬ್ಬರು ಹಿರಿಯರನ್ನು ಊಹಿಸಿಕೊಳ್ಳೋಣ. ಇಬ್ಬರ ವರದಿಯಲ್ಲೂ 600 ಎಂದೇ ಇದೆ. ಮೊದಲನೆಯವರ ನಾಡಿ ಗಡಿಯಾರದಂತೆ ಬಡಿಯುತ್ತಿದೆ, ಕಾಲಿನಲ್ಲಿ ಬಾವಿದೆ. ಅವರ ಅಂಕಿ ವೈಫಲ್ಯದ ಕಡೆಗೇ ಬಲವಾಗಿ ಬೆರಳು ತೋರುತ್ತದೆ. ಎರಡನೆಯವರ ನಾಡಿ ಲಯ ತಪ್ಪಿದೆ, ಆದರೆ ಅವರು ದಿನವೂ ತೋಟಕ್ಕೆ ಹೋಗಿಬರುತ್ತಾರೆ, ಏದುಸಿರಿಲ್ಲ, ಬಾವಿಲ್ಲ. ಅವರ 600ರಲ್ಲಿ ಬಹುಭಾಗ ಕಂಪನದ್ದೇ ಇರಬಹುದು. ಸ್ಕ್ಯಾನ್ ಮಾಡಿಸಿ ಕಾದು ನೋಡುವುದು ಯುಕ್ತ. ಈ ವ್ಯತ್ಯಾಸ ವರದಿಯ ಹಾಳೆಯಲ್ಲಿ ಕಾಣುವುದಿಲ್ಲ. ನಾಡಿಯ ಲಯವನ್ನು ಕೇಳದೆಯೇ ಎಲ್ಲರಿಗೂ ಒಂದೇ ಸಹಜ ಮಿತಿಯನ್ನು ಅಚ್ಚುಹಾಕುವ ಪದ್ಧತಿ ಬದಲಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗೆಂದು ಎರಡನೆಯವರ ಅಂಕಿಯನ್ನು ಅಲಕ್ಷಿಸಲೂ ಸಲ್ಲದು. ಕಂಪನವಿದ್ದವರಲ್ಲಿಯೂ ಅಂಕಿ ಹೆಚ್ಚಿದಷ್ಟೂ ಮುಂದಿನ ಅಪಾಯ ಹೆಚ್ಚೆಂಬುದು ನಿಜ. ಸೂಚಕ ಕಳೆದುಕೊಳ್ಳುವುದು ರೋಗವನ್ನು ಹೆಸರಿಸುವ ಶಕ್ತಿಯನ್ನೇ ಹೊರತು ಭವಿಷ್ಯವನ್ನು ಸೂಚಿಸುವ ಶಕ್ತಿಯನ್ನಲ್ಲ.

ಅಂಕಿಯನ್ನು ಏರುಪೇರು ಮಾಡುವ ಸಂಗತಿಗಳು ಇನ್ನೂ ಕೆಲವಿವೆ. ವಯಸ್ಸಾದಂತೆ ಅದು ಏರುತ್ತದೆ, ಮೂತ್ರಪಿಂಡಗಳು ಸೊರಗಿದರೂ ಏರುತ್ತದೆ. ಸ್ಥೂಲಕಾಯರಲ್ಲಿ ಮಾತ್ರ ವೈಫಲ್ಯವಿದ್ದರೂ ಕಡಮೆಯೇ ಕಾಣಬಹುದು. ಸ್ಯಾಕ್ಯುಬಿಟ್ರಿಲ್ ಸೇರಿದ ಮಾತ್ರೆಯನ್ನು ಸೇವಿಸುವವರಲ್ಲಿ ಬಿ.ಎನ್.ಪಿ.ಯನ್ನು ಒಡೆಯುವ ಕಿಣ್ವವೇ ತಡೆಯಲ್ಪಡುವುದರಿಂದ, ಅಂಥವರಲ್ಲಿ ಎನ್.ಟಿ. ತುಂಡನ್ನು ಅಳೆಯುವುದೇ ಲೇಸು.

ಬೇರೆ ಸೂಚಕಗಳ ಬಗ್ಗೆ ಸಂಕ್ಷೇಪವಾಗಿ ಹೇಳಬಹುದು. ಟ್ರೋಪೋನಿನ್ ಎಂಬುದು ಹೃದಯದ ಸ್ನಾಯುವಿನೊಳಗಿನ ಪ್ರೋಟೀನು; ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುತ್ತದೆ. ಹೃದಯಾಘಾತದ ಗುರುತಾಗಿ ಇದು ಪ್ರಸಿದ್ಧವಾದರೂ, ಕಂಪನವಿರುವವರಲ್ಲಿ ಅಲ್ಪಪ್ರಮಾಣದಲ್ಲಿ ನಿರಂತರವಾಗಿ ಕಾಣಿಸಿಕೊಳ್ಳುವುದುಂಟು; ಪಾರ್ಶ್ವವಾಯುವಿನ ಅಪಾಯವನ್ನು ಅದು ಸೂಚಿಸುತ್ತದೆಂದು ದೊಡ್ಡ ಅಧ್ಯಯನಗಳು ತೋರಿಸಿವೆ. ವಯಸ್ಸು, ಟ್ರೋಪೋನಿನ್, ಎನ್.ಟಿ. ಪ್ರೋ ಬಿ.ಎನ್.ಪಿ. ಮತ್ತು ಹಿಂದೆ ಪಾರ್ಶ್ವವಾಯು ಬಡಿದಿತ್ತೇ ಎಂಬ ವಿವರ, ಇವುಗಳನ್ನು ಕೂಡಿಸಿ ಅಪಾಯವನ್ನು ಅಳೆಯುವ ಕ್ರಮವೊಂದನ್ನು ಸ್ವೀಡನ್ನಿನ ಉಪ್ಸಲಾದ ಸಂಶೋಧಕರು 2016ರಲ್ಲಿ ರೂಪಿಸಿದರು. ಸ್ನಾಯು ನಾರುಗಟ್ಟುವುದನ್ನು ಸೂಚಿಸುವ ಎಸ್.ಟಿ.2 ಮತ್ತು ಗ್ಯಾಲೆಕ್ಟಿನ್-3 ಎಂಬವೂ ಇವೆ. ನಿತ್ಯದ ಚಿಕಿತ್ಸೆಯಲ್ಲಿ ಅವುಗಳ ಸ್ಥಾನ ಚಿಕ್ಕದು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಕಂಪಿಸುವ ಹೃತ್ಕರ್ಣದಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹರಿದರೆ ಪಾರ್ಶ್ವವಾಯು. ಕಂಪನವಿಲ್ಲದವರಿಗಿಂತ ಈ ಅಪಾಯ ಸುಮಾರು ಐದು ಪಟ್ಟು ಹೆಚ್ಚೆಂದು ಅಮೆರಿಕದ ಫ್ರೇಮಿಂಗ್‌ಹ್ಯಾಂ ಅಧ್ಯಯನ ತೋರಿಸಿದೆ. ‘ಅಂಕಿ ಇಳಿದಿದೆ, ಇನ್ನೇಕೆ ಮಾತ್ರೆ’ ಎಂದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧಿಯನ್ನು ತಾವಾಗಿಯೇ ನಿಲ್ಲಿಸುವುದು ಬಹು ದೊಡ್ಡ ಅನಾಹುತಕ್ಕೆ ದಾರಿ. ಬಿ.ಎನ್.ಪಿ. ಇಳಿದ ಮಾತ್ರಕ್ಕೆ ಹೆಪ್ಪಿನ ಭಯ ಹೋಗುವುದಿಲ್ಲ.

ಅಂಕಿಯನ್ನೇ ಗುರಿಯಾಗಿಟ್ಟುಕೊಂಡು ಔಷಧಿಯನ್ನು ಏರಿಸಿದರೆ ಹೇಗೆ ಎಂಬ ಪ್ರಶ್ನೆಯೂ ಎದ್ದಿತ್ತು. ಅಮೆರಿಕ ಮತ್ತು ಕೆನಡಾಗಳಲ್ಲಿ ಹಿಂಡುವ ಶಕ್ತಿ ಕುಂದಿದ 894 ರೋಗಿಗಳಲ್ಲಿ, ಎನ್.ಟಿ. ಪ್ರೋ ಬಿ.ಎನ್.ಪಿ.ಯನ್ನು 1,000ಕ್ಕಿಂತ ಕೆಳಗಿಳಿಸುವ ಗುರಿಯಿಂದ ಒಂದು ಗುಂಪಿಗೂ, ವಾಡಿಕೆಯ ಕ್ರಮದಿಂದ ಇನ್ನೊಂದು ಗುಂಪಿಗೂ ಚಿಕಿತ್ಸೆ ನೀಡಲಾಯಿತು. ಪ್ರಯೋಜನ ಕಾಣದೆ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. 2017ರಲ್ಲಿ ಅದರ ವರದಿ ಪ್ರಕಟವಾಯಿತು.

ಇಷ್ಟಾದರೂ ಹಳೆಯ ಔಷಧಿಯೊಂದರ ಮರುಪರೀಕ್ಷೆಯಲ್ಲಿ ಈ ಸೂಚಕ ಒಳ್ಳೆಯ ಕೆಲಸ ಮಾಡಿತು. 1775ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗರ ಮುಂದೆ, ಮೈಗೆ ನೀರು ತುಂಬುವ ಕಾಯಿಲೆಗೆ ಶ್ರಾಪ್‌ಷೈರಿನ ಒಬ್ಬ ಮುದುಕಿ ಗುಟ್ಟಾಗಿ ಕೊಡುತ್ತಿದ್ದ ಮನೆಮದ್ದೊಂದು ಬಂದಿತು. ಇಪ್ಪತ್ತಕ್ಕೂ ಹೆಚ್ಚು ಸೊಪ್ಪುಗಳ ಆ ಮಿಶ್ರಣದಲ್ಲಿ ಗುಣವಿರುವುದು ಫಾಕ್ಸ್‌ಗ್ಲೋವ್ ಎಂಬ ಒಂದೇ ಗಿಡದಲ್ಲೆಂದು ಅವರು ಗುರುತಿಸಿದರು. ಹತ್ತು ವರ್ಷಗಳ ಪ್ರಯೋಗದ ವಿವರವನ್ನು, ವಾಸಿಯಾಗದ ರೋಗಿಗಳನ್ನೂ ಮರೆಮಾಚದೆ, 1785ರಲ್ಲಿ ಬರ್ಮಿಂಗ್‌ಹ್ಯಾಮಿನಿಂದ ಪ್ರಕಟಿಸಿದರು. ಡಿಜಾಕ್ಸಿನ್ ಈ ಗಿಡದ ಕುಲದಿಂದಲೇ ಬಂದ ಔಷಧಿ. ನಮ್ಮ ಹಿತ್ತಲಿನ ಕಣಗಿಲೆಯ ವಿಷವೂ ಇದೇ ವರ್ಗಕ್ಕೆ ಸೇರಿದುದು. ಪ್ರಮಾಣ ಮೀರಿದರೆ ಡಿಜಾಕ್ಸಿನ್ನೂ ವಿಷವೇ.

ಇತ್ತೀಚಿನ ದಶಕಗಳಲ್ಲಿ ಡಿಜಾಕ್ಸಿನ್ ಹಿಂದೆ ಸರಿದು ಬೀಟಾ ಬ್ಲಾಕರ್‌ಗಳು ಮುಂದೆ ಬಂದಿದ್ದವು. ಆದರೆ ಲಯ ಸರಿಯಿರುವ ವೈಫಲ್ಯದ ರೋಗಿಗಳ ಆಯುಸ್ಸನ್ನು ಹೆಚ್ಚಿಸುವ ಬೀಟಾ ಬ್ಲಾಕರ್‌ಗಳಿಂದ ಕಂಪನವಿದ್ದವರಿಗೆ ಅಂಥ ಲಾಭ ಕಾಣುವುದಿಲ್ಲವೆಂದು 2014ರಲ್ಲಿ ಹಲವು ಪ್ರಯೋಗಗಳ ಒಟ್ಟು ವಿಶ್ಲೇಷಣೆಯೊಂದು ತೋರಿಸಿತು. ವಿದರಿಂಗರ ಅದೇ ಬರ್ಮಿಂಗ್‌ಹ್ಯಾಮಿನ ವಿಶ್ವವಿದ್ಯಾಲಯದವರು ಶಾಶ್ವತ ಕಂಪನವೂ ಏದುಸಿರೂ ಇದ್ದ 160 ಹಿರಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಡಿಜಾಕ್ಸಿನ್, ಇನ್ನೊಂದಕ್ಕೆ ಬೈಸೊಪ್ರೊಲಾಲ್ ಕೊಟ್ಟರು. ಅವರ ಸರಾಸರಿ ವಯಸ್ಸು 76. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಆರು ತಿಂಗಳ ಬಳಿಕ ಜೀವನದ ಗುಣಮಟ್ಟದಲ್ಲಿ ಅಂತರವಿರಲಿಲ್ಲ. ನಾಡಿಯ ವೇಗವೂ ಹೆಚ್ಚುಕಡಮೆ ಒಂದೇ. ವರ್ಷದ ಕೊನೆಗೆ ಎನ್.ಟಿ. ಪ್ರೋ ಬಿ.ಎನ್.ಪಿ.ಯ ನಡುಮೌಲ್ಯ ಡಿಜಾಕ್ಸಿನ್ ಗುಂಪಿನಲ್ಲಿ 960, ಇನ್ನೊಂದರಲ್ಲಿ 1,250. ಅಡ್ಡಪರಿಣಾಮಗಳೂ ಡಿಜಾಕ್ಸಿನ್ ಪಡೆದವರಲ್ಲಿಯೇ ಕಡಮೆಯಿದ್ದವು. 160 ಚಿಕ್ಕ ಸಂಖ್ಯೆ. ಆಯುಸ್ಸು ಹೆಚ್ಚಿತೆಂದು ಇದರಿಂದ ಹೇಳಲಾಗದು. ಆದರೂ ಇಬ್ಬರ ನಡುವೆ ಹೋಲಿಸುವಾಗ ಗೊಂದಲ ಹುಟ್ಟಿಸುವ ಅಂಕಿ, ಎಲ್ಲರಿಗೂ ಕಂಪನವಿದ್ದಾಗ ನ್ಯಾಯವಾದ ಅಳತೆಗೋಲಾಗುತ್ತದೆಂಬುದು ಇಲ್ಲಿ ಗಮನಿಸತಕ್ಕ ಅಂಶ. ಒಬ್ಬನೇ ರೋಗಿಯ ಇಂದಿನ ಅಂಕಿಯನ್ನು ಆತನದೇ ಹಿಂದಿನ ಅಂಕಿಯೊಡನೆ ಹೋಲಿಸುವುದರ ಬೆಲೆಯೂ ಇದರಿಂದ ವೇದ್ಯವಾಗುತ್ತದೆ. ಹಳೆಯ ವರದಿಗಳನ್ನು ಎಸೆಯದೆ ಇಟ್ಟುಕೊಳ್ಳಬೇಕು.

ನಮ್ಮ ದೇಶದ ಮಟ್ಟಿಗೆ ಇನ್ನೊಂದು ವಿಶೇಷವಿದೆ. ಮೇಲಿನ ಗಡಿಗಳೆಲ್ಲ ಹೆಚ್ಚಾಗಿ ಪಾಶ್ಚಾತ್ಯ ವೃದ್ಧರನ್ನು ಪರೀಕ್ಷಿಸಿ ನಿಗದಿಪಡಿಸಿದವು. ಅವರಲ್ಲಿ ಕಂಪನಕ್ಕೆ ಮುಖ್ಯ ಕಾರಣಗಳು ವಯಸ್ಸು, ರಕ್ತದೊತ್ತಡ ಇತ್ಯಾದಿ. 46 ದೇಶಗಳ ರೋಗಿಗಳನ್ನೊಳಗೊಂಡು 2014ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಕಂಪನಕ್ಕೆ ತುತ್ತಾದವರ ಪೈಕಿ ರುಮ್ಯಾಟಿಕ್ ಹೃದ್ರೋಗವಿದ್ದವರು ಉತ್ತರ ಅಮೆರಿಕದಲ್ಲಿ ಶೇಕಡಾ 2.2 ಮಾತ್ರ, ಭಾರತದಲ್ಲಿ ಶೇಕಡಾ 31.5. ಈ ರೋಗದಲ್ಲಿ ಎಡಭಾಗದ ದ್ವಿದಳ ಕವಾಟ ಕಿರಿದಾಗಿ, ಒತ್ತಡವೆಲ್ಲ ಹೃತ್ಕರ್ಣದ ಮೇಲೆ ಬೀಳುತ್ತದೆ. ಅದರ ಕೆಳಗಿನ ಎಡ ಹೃತ್ಕುಕ್ಷಿ ಮಾತ್ರ ಹೊರೆಯಿಲ್ಲದೆ ಇರುತ್ತದೆ. ಆದ್ದರಿಂದ ಬಿ.ಎನ್.ಪಿ.ಯ ಅಂಕಿ ಇಲ್ಲಿ ಬೇರೆಯೇ ಕಥೆಯನ್ನು ಹೇಳುತ್ತದೆ. ಕವಾಟವನ್ನು ಸ್ಕ್ಯಾನ್ ಮಾಡಿ ನೋಡದೆ ಆ ಅಂಕಿಯಿಂದ ಏನನ್ನೂ ನಿರ್ಣಯಿಸಲಾಗದು. ಔಷಧಿಯ ಆಯ್ಕೆಯೂ ಬೇರೆ. ಹೆಪ್ಪು ತಡೆಯಲು ಹೊಸ ಮಾತ್ರೆಯಾದ ರಿವರೊಕ್ಸಬಾನಿಗಿಂತ ವಾರ್ಫರಿನ್ ವರ್ಗದ ಹಳೆಯ ಮಾತ್ರೆಗಳೇ ಈ ರೋಗಿಗಳಲ್ಲಿ ಮೇಲೆಂದು 2022ರಲ್ಲಿ ಪ್ರಕಟವಾದ, ನಾಲ್ಕೂವರೆ ಸಾವಿರ ರೋಗಿಗಳ ಪ್ರಯೋಗದಿಂದ ತಿಳಿದುಬಂದಿದೆ.

ಈ ರೋಗದ ಬೀಜ ಬಿತ್ತುವುದು ಶಾಲೆಯ ವಯಸ್ಸಿನಲ್ಲಿ. ಐದರಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ಬೇನೆ ಬಂದು, ಚಿಕಿತ್ಸೆಯಿಲ್ಲದೆ ಹೋದರೆ, ಕೆಲವು ಮಕ್ಕಳಲ್ಲಿ ಎರಡು ಮೂರು ವಾರಗಳ ಅನಂತರ ಜ್ವರವೂ, ಒಂದು ಕೀಲಿನಿಂದ ಇನ್ನೊಂದಕ್ಕೆ ಹರಿದಾಡುವ ನೋವೂ ಕಾಣಿಸಿಕೊಳ್ಳುತ್ತವೆ. ಕೀಲಿನ ನೋವು ಮಾಯವಾಗುತ್ತದೆ. ಕವಾಟಕ್ಕೆ ಆದ ಗಾಯ ಉಳಿದು, ಯೌವನದಲ್ಲಿಯೋ ನಡುವಯಸ್ಸಿನಲ್ಲಿಯೋ ಏದುಸಿರಾಗಿ, ಲಯಭಂಗವಾಗಿ ಹೊರಬೀಳುತ್ತದೆ. ತರಗತಿಯಲ್ಲಿ ಮಕ್ಕಳನ್ನು ದಿನವೂ ಕಾಣುವ ಅಧ್ಯಾಪಕರ ಕಣ್ಣಿಗೆ ಇಂಥ ಮಗು ತಾಯಿತಂದೆಯರಿಗಿಂತ ಮೊದಲೇ ಬೀಳಬಹುದು. ಒಮ್ಮೆ ಈ ಜ್ವರ ಬಂದುಹೋದ ಮಗುವಿಗೆ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ, ವೈದ್ಯರು ಹೇಳಿದಷ್ಟು ಕಾಲ, ತಪ್ಪದೆ ಕೊಡಿಸಬೇಕಾಗುತ್ತದೆ. ಪರೀಕ್ಷೆಯ ದಿನಗಳೆಂದೋ ಜಾತ್ರೆಯೆಂದೋ ಒಂದು ಸರದಿಯನ್ನೂ ಬಿಡುವಂತಿಲ್ಲ.